ಚಕ್ಕುಲಿ, ನಿಪ್ಪಟ್ಟಿನ ಮಳಿಗೆಗೆ ಪರವಾನಗಿ: ಮಾಡಿಸಿಕೊಂಡವರ ಅನುಭವ

ಪ್ರಶ್ನೆ, ಶಿವಮೊಗ್ಗದಿಂದ:
ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿ ಪರಿಚಯದವರಿಗೆ ಮಾರುತ್ತಿದ್ದೇನೆ. ಈಗ ಪಾಲಿಕೆ ವ್ಯಾಪ್ತಿಯಲ್ಲಿ ಪುಟ್ಟ ಮಳಿಗೆಯೊಂದನ್ನು ನೋಡಿದ್ದೇನೆ. ಹಿಂದೆ ಕರಿಯುವುದು, ಮುಂದೆ ಮಾರುವುದು. ಮಧ್ಯವರ್ತಿಯೊಬ್ಬರು ಎಲ್ಲ ಲೈಸೆನ್ಸ್ ಸೇರಿ ಹದಿನೆಂಟು ಸಾವಿರ ಎನ್ನುತ್ತಿದ್ದಾರೆ. ಏನೇನು ಬೇಕು, ಯಾವುದು ಮೊದಲು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಲ್ಲಿ ತಿಂಡಿ ಹೋಟೆಲ್ ನಡೆಸುವವರು:
ಅಕ್ಕ, ಮಳಿಗೆಗೆ ಮುಂಗಡ ಕೊಡುವ ಮೊದಲು ಕಟ್ಟಡದ ಕಾಗದಗಳನ್ನು ಕೇಳಿ ನೋಡಿ. ಪಾಲಿಕೆಯ ಉದ್ದಿಮೆ ಪರವಾನಗಿಗೆ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಆಸ್ತಿ ತೆರಿಗೆ ಕಟ್ಟಿದ ರಸೀದಿ ಎಲ್ಲವೂ ಬೇಕಾಗುತ್ತವೆ. ನನ್ನ ಸ್ನೇಹಿತರೊಬ್ಬರು ಮುಂಗಡ ಕೊಟ್ಟು, ಬಣ್ಣ ಹೊಡೆಸಿ, ಒಲೆ ಹೂಡಿಸಿದ ಮೇಲೆ ಮಾಲೀಕರ ತೆರಿಗೆ ಬಾಕಿ ಹೊರಬಿತ್ತು. ಅದು ತೀರುವವರೆಗೆ ಅರ್ಜಿ ಕದಲಲಿಲ್ಲ, ಬಾಡಿಗೆ ಮಾತ್ರ ತಪ್ಪಲಿಲ್ಲ. ತೆರಿಗೆ ಬಾಕಿ ಮಾಲೀಕರದೇ ಹೊಣೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.

ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಬರುತ್ತಾರೆ. ನಮ್ಮಲ್ಲಿಗೆ ಬಂದವರು ಊಟದ ಮೇಜುಗಳತ್ತ ತಿರುಗಿಯೂ ನೋಡದೆ ನೇರವಾಗಿ ಹಿಂದಕ್ಕೆ ನಡೆದರು. ಪಾತ್ರೆ ತೊಳೆಯುವ ನೀರು ಎಲ್ಲಿಗೆ ಹೋಗುತ್ತದೆ, ಹೊಗೆ ಹೊರಹೋಗುವ ಕೊಳವೆ ಪಕ್ಕದ ಮನೆಯ ಕಿಟಕಿಗೆ ಎದುರಾಗಿದೆಯೇ, ಹಸಿ ಕಸ ಮತ್ತು ಒಣ ಕಸಕ್ಕೆ ಬೇರೆ ಬೇರೆ ಡಬ್ಬಿ ಇದೆಯೇ, ಇವನ್ನೇ ನೋಡಿದರು. ನೀವು ಎಣ್ಣೆಯಲ್ಲಿ ಕರಿಯುವವರು; ಅಕ್ಕಪಕ್ಕದವರ ತಕರಾರು ಬರುವುದೇ ಆ ಹೊಗೆಯಿಂದ. ಪರವಾನಗಿ ಆರ್ಥಿಕ ವರ್ಷದ ಲೆಕ್ಕದಲ್ಲಿರುತ್ತದೆ. ಮಾರ್ಚ್ 31ಕ್ಕೆ ಮುಗಿಯುತ್ತದೆ, ಆದ್ದರಿಂದ ಫೆಬ್ರುವರಿಯಲ್ಲೇ ನವೀಕರಣಕ್ಕೆ ಕೈಹಾಕಿ.

ದಾವಣಗೆರೆಯಲ್ಲಿ ಕುರುಕಲು ತಿಂಡಿ ಮಾಡುವವರು:
ನನ್ನದೂ ನಿಮ್ಮದೇ ಕಸುಬು. ಆಹಾರ ಸುರಕ್ಷತೆಯದನ್ನು, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ನೋಂದಣಿಯನ್ನು, ಮಳಿಗೆಗಾಗಿ ಕಾಯದೆ ಈಗಲೇ ಮಾಡಿಸಿ. ಮನೆಯಿಂದ ಮಾರುವವರಿಗೂ ಅದು ಬೇಕೇ ಬೇಕು. ಸಣ್ಣ ವಹಿವಾಟಿನ ನಮ್ಮಂಥವರಿಗೆ ದೊಡ್ಡ ಲೈಸೆನ್ಸ್ ಬೇಡ, ನೋಂದಣಿ ಸಾಕು. ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಆ ಪ್ರಾಧಿಕಾರದ್ದೇ ಆದ ಫಾಸ್ಕಾಸ್ ಜಾಲತಾಣದಲ್ಲಿ ಫೋಟೊ, ಗುರುತಿನ ಚೀಟಿ ಹಾಕಿ ನಾನೇ ಅರ್ಜಿ ಸಲ್ಲಿಸಿದೆ. ಅರ್ಜಿ ತಲುಪಿದ 7 ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ತಿಳಿಸಿ ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕೆಂದು 2011ರ ನಿಯಮವೇ ಹೇಳುತ್ತದೆ. ಯಾರಾದರೂ ಸತಾಯಿಸಿದರೆ ಧೈರ್ಯವಾಗಿ ಅದನ್ನೇ ಕೇಳಿ. ಮಳಿಗೆಗೆ ಹೋದಾಗ ಹೊಸ ವಿಳಾಸವನ್ನು ಸೇರಿಸುವುದನ್ನು ಮರೆಯಬೇಡಿ.

ನಿಜವಾದ ಕೆಲಸ ಇರುವುದು ಪೊಟ್ಟಣದ ಚೀಟಿಯಲ್ಲಿ. 14 ಅಂಕಿಯ ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ಎಷ್ಟು ದಿನ ಇಡಬಹುದು, ದೂರಿಗೆ ಫೋನ್ ಸಂಖ್ಯೆ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದು ಮೊದಲು ಬರುವಂತೆ ಬರೆಯಬೇಕು. ನಿಪ್ಪಟ್ಟಿಗೆ ಕಡಲೆಕಾಯಿ ಬೀಜ ಹಾಕುತ್ತೀರಲ್ಲ, ಅಲರ್ಜಿಯ ಎಚ್ಚರಿಕೆಯಲ್ಲಿ ಅದು ಇರಲೇಬೇಕು. ಒಂದು ಮಗುವಿನ ಜೀವದ ಪ್ರಶ್ನೆ ಅದು. ಚೀಟಿ ಬರೀ ಕನ್ನಡದಲ್ಲಿದ್ದರೆ ಸಾಲದು, ಇಂಗ್ಲಿಷ್ ಅಥವಾ ಹಿಂದಿಯಲ್ಲೂ ವಿವರ ಇರಬೇಕೆನ್ನುತ್ತದೆ ಕಾನೂನು. ಕನ್ನಡದಲ್ಲಿ ತಿಂಡಿ ಕೊಳ್ಳುವವರ ನಾಡಿನಲ್ಲಿ ಇದು ನನಗೆ ಇಂದಿಗೂ ಒಪ್ಪಿಗೆಯಿಲ್ಲ, ಆದರೂ ಎರಡೂ ಹಾಕಿಸುತ್ತೇನೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಮಳಿಗೆಯಲ್ಲಿ ಕಾಫಿಯನ್ನೂ ಕೊಡೋಣ ಎಂದಿದ್ದೇನೆ. ಮುಂಬೈಯಲ್ಲಿರುವ ನಮ್ಮವರು ಪಾರ್ಸೆಲ್ ಕೂಡ ಕೇಳುತ್ತಿದ್ದಾರೆ. ಜಿಎಸ್‌ಟಿ ಬೇಕಾಗುತ್ತದೆಯೇ?

ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಯವರು:
ಪೊಟ್ಟಣದ ಸರಕು ಮಾತ್ರ ಮಾರಿದರೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಕಾಫಿ, ತಿಂಡಿ ಕೊಟ್ಟರೆ ಅದು ಸೇವೆ. ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಮುಂಬೈಗೆ ಮಾರಿ ಕಳುಹಿಸಿದರೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಕು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ನಮ್ಮ ಬೀದಿಯವರು ಕ್ಯೂಆರ್ ಫಲಕಗಳನ್ನೇ ತೆಗೆದಿಟ್ಟಿದ್ದರು. ಮನೆಯ ಹಣಕ್ಕೆ ಒಂದು ಖಾತೆ, ಅಂಗಡಿಗೆ ಇನ್ನೊಂದು. ಇದನ್ನು ಮೊದಲ ದಿನದಿಂದಲೇ ಬೇರೆ ಮಾಡಿ.

ಹುಬ್ಬಳ್ಳಿಯಿಂದ ಇನ್ನೊಬ್ಬರು:
ಮಧ್ಯವರ್ತಿಯ ಹದಿನೆಂಟು ಸಾವಿರದಲ್ಲಿ ಸರ್ಕಾರಿ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಅದೇ ರೂಪದ ಖಾಸಗಿ ಜಾಲತಾಣಗಳು ಹಣ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರದ ಡಾಟ್ ಜಿಒವಿ ಡಾಟ್ ಇನ್ ಇದೆಯೇ ನೋಡಿ. ಅಂಗಡಿ ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಬೇಕು. ನಾಮಫಲಕ ಬರೆಸುವಾಗ ಶೇ 60ರಷ್ಟು ಕನ್ನಡ ಇರಲಿ. ಕರಿಯುವ ಯಂತ್ರಕ್ಕೆ ಸಾಲ ಬೇಕಿದ್ದರೆ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕಿರು ಆಹಾರ ಸಂಸ್ಕರಣಾ ಯೋಜನೆ ಈಗಲೂ ಇದೆಯೇ ಎಂದು ವಿಚಾರಿಸಿ. ನಮ್ಮ ಘಟಕಕ್ಕೆ ಕೇಂದ್ರ ಯೋಜನೆಯಡಿ ಶೇ 35, ರಾಜ್ಯದ ಹೆಚ್ಚುವರಿ ಶೇ 15 ಸೇರಿ ಅರ್ಧದಷ್ಟು ಸಹಾಯಧನ ಬಂದಿತ್ತು.