ಪದಚರ್ಚೆ: 'ಲ್ಯಾಂಡ್ ಗ್ರಾಂಟ್ ಕಮಿಟಿ'ಗೆ ಕನ್ನಡ? ನಾಳೆ ಸಂಜೆಯೊಳಗೆ ಬೇಕು

ನಮಸ್ಕಾರ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಸ್ಪೇನಿನ ದೊರೆಯ ಹೆಸರಲ್ಲಿ, ಆಮೇಲೆ ಮೆಕ್ಸಿಕೊ ಸರ್ಕಾರದಿಂದ ಅಲ್ಲಿನ ಊರುಗಳಿಗೆ ಸಿಕ್ಕಿದ್ದ ಭೂಮಿಯಲ್ಲಿ ಬಹುಪಾಲು ಮೆಕ್ಸಿಕೊ ಆ ಸೀಮೆಯನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟ 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದ ನಂತರ ಕೈಬಿಟ್ಟುಹೋಯಿತು. ಆ ಹಳೇ ತಕರಾರುಗಳನ್ನು ನೋಡಲು ಶಾಸಕರದೇ ಒಂದು 'ಲ್ಯಾಂಡ್ ಗ್ರಾಂಟ್ ಕಮಿಟಿ' ಇದೆ, ಇಂಟರಿಮ್ ಕಮಿಟಿ. ಸಂಪಾದಕರು ತಲೆಬರಹಕ್ಕೆ 'ಭೂದಾನ ಮಧ್ಯಂತರ ಸಮಿತಿ' ಎಂದು ಹಾಕಿಬಿಟ್ಟಿದ್ದಾರೆ. ಓದಿದ ಕೂಡಲೇ ವಿನೋಬಾ ಎದ್ದು ಬರುತ್ತಾರೆ. ನಾಳೆ ಸಂಜೆ ಪುಟ ಹೋಗುತ್ತದೆ, ದಯವಿಟ್ಟು ಬೇಗ.

*

ಉಂಬಳಿ. ಇದರಲ್ಲಿ ಕೇಳುವುದೇನಿದೆ? ಉಣ್ ಧಾತು, ಉಂಬುದಕ್ಕೆ ಬಿಟ್ಟ ನೆಲ. ಇನ್ನೂ ಹಳತು ಬೇಕೆಂದರೆ ಕೊಡಗೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ, ಕೆರೆ ಕಟ್ಟಿದವನಿಗೆ ಕಟ್ಟುಗೊಡಗೆ. ಶಾಸನಗಳ ತುಂಬ ಬಿದ್ದಿವೆ, ನಾವು ಬಗ್ಗಿ ಎತ್ತಿಕೊಳ್ಳುವುದಿಲ್ಲ, ಅಷ್ಟೆ.

*

ತಾಲ್ಲೂಕು ಕಚೇರಿಯಲ್ಲೇ ತಲೆ ನರೆಸಿಕೊಂಡವನು ನಾನು. ಕೊಡಗೆ ಅನ್ನುವುದನ್ನು ಒಂದು ಪಹಣಿಯಲ್ಲೂ ಕಂಡಿಲ್ಲ. ಈಗ 'ಕೊಡುಗೆ' ಅಂದರೆ ಸೀರೆ ಅಂಗಡಿಯವರು ಹಬ್ಬಕ್ಕೆ ಬಿಡುವ ರಿಯಾಯಿತಿ. 'ಇನಾಂ ಭೂಮಿ' ಅನ್ನಿ ಮೇಡಂ, ರೈತನಿಗೂ ತಿಳಿಯುತ್ತದೆ, ವಕೀಲನಿಗೂ ತಿಳಿಯುತ್ತದೆ. ಬೇಡವಾದರೆ 'ಮಂಜೂರಾತಿ'.

*

ಎರಡೂ ಅರಬ್ಬಿ. ಕನ್ನಡದ ಪದ ಕೇಳಿದರೆ ಕಂದಾಯ ಇಲಾಖೆಯ ದಫ್ತರ ಬಿಚ್ಚುತ್ತೀರಿ.

*

'ಕಂದಾಯ' ಕನ್ನಡವೇ ಎಂದು ಮೊದಲು ತೀರ್ಮಾನ ಮಾಡಿಕೊಳ್ಳಿ ರಾಯರೇ, ಆಮೇಲೆ ದಫ್ತರದ ಮಾತು.

*

ಪದ ಕೇಳಿದವಳೇ ಮತ್ತೆ ಬರೆಯುತ್ತಿದ್ದೇನೆ. ಮೂಲದ ಸ್ಪ್ಯಾನಿಷ್ ಪದ 'ಮೆರ್ಸೆಡ್'. ಅದಕ್ಕೆ ಅನುಗ್ರಹ ಎಂಬ ಅರ್ಥವಿದೆ, ಅರಬ್ಬಿಯ ಇನಾಮಿಗೂ ಹಾಗೇ. ಹಾಗಾಗಿ ಇನಾಂ ಸರಿಹೋಗುತ್ತದಲ್ಲವೇ? ಇನ್ನೊಂದು ವಿಷಯ: ಅಲ್ಲಿನ ಊರಕಾಲುವೆಗೆ 'ಅಸೆಕಿಯಾ' ಅನ್ನುತ್ತಾರೆ, ಭೂಮಿಯನ್ನು ಸ್ವಾಧೀನಕ್ಕೆ ಕೊಡುತ್ತಿದ್ದ ಅಧಿಕಾರಿ 'ಅಲ್ಕಾಲ್ಡೆ'. ಎರಡೂ ಅರಬ್ಬಿಯಿಂದ ಸ್ಪ್ಯಾನಿಷಿಗೆ ಹೋದ ಪದಗಳು, ಅಲ್ಕಾಲ್ಡೆ ಅಂದರೆ ನಮ್ಮ ಖಾಜಿಯೇ. ಸ್ವಾಧೀನದ ದಿನ ಜನ ಆ ನೆಲದ ಹುಲ್ಲು ಕಿತ್ತು, ಕಲ್ಲು ಎಸೆದು, ದೊರೆಗೆ ಜಯಕಾರ ಹಾಕುತ್ತಿದ್ದರಂತೆ.

*

ನಮ್ಮಲ್ಲಿ ಕೈಗೆ ನೀರು ಬಿಟ್ಟು ಧಾರೆ ಎರೆಯುತ್ತಿದ್ದರು. ಹುಲ್ಲು ಕೀಳುವುದು ಚೆನ್ನಾಗಿದೆ. ಆದರೆ ಇನಾಂ ತಪ್ಪು, ಅರಬ್ಬಿ ಅನ್ನುವ ಕಾರಣಕ್ಕಲ್ಲ. ಕೊಟ್ಟದ್ದು ಯಾರಿಗೆ ಅಂತ ನೋಡಿ. ಇನಾಂ ಅಂದಕೂಡಲೇ ನಮ್ಮ ಓದುಗನ ಕಣ್ಣಿಗೆ ಇನಾಂದಾರ ಬರುತ್ತಾನೆ, 1954ರ ಮೈಸೂರು ಇನಾಂ ರದ್ದತಿ ಕಾಯ್ದೆ ಬರುತ್ತದೆ. ಗೇಣಿ ಕೊಡುವ ಒಕ್ಕಲಿನ ಪರ ನಿಂತುಕೊಂಡೇ ಅವನು ಓದಲು ಶುರು ಮಾಡುತ್ತಾನೆ. ನ್ಯೂ ಮೆಕ್ಸಿಕೊದ ಈ ತಕರಾರಿನಲ್ಲಿ ಭೂಮಿ ಕಳೆದುಕೊಂಡವರು ಬಡ ಊರಿನವರು. ಮನೆಗೊಂದು ನಿವೇಶನ, ಕಾಲುವೆ ಪಕ್ಕ ಒಂದು ಪಟ್ಟಿ ಹೊಲ ಅವರವರದು. ಸೌದೆ, ಮೇವು, ಮರ ಎಲ್ಲಾ ಊರೊಟ್ಟಿನ ಜಾಗದಲ್ಲಿ. 1897ರಲ್ಲಿ ಸಾಂಡೊವಾಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಒಟ್ಟಿನ ಜಾಗ ಊರಿನದಲ್ಲ, ಸರ್ಕಾರದ್ದು ಎಂದಿತು. ಸಾನ್ ಮಿಗೆಲ್ ದೆಲ್ ವಾಡೊ ಎಂಬಲ್ಲಿ ಕೇಳಿದ್ದು ಸುಮಾರು 3,15,000 ಎಕರೆ, ದಕ್ಕಿದ್ದು ಸುಮಾರು 5,000. ಹೋದದ್ದು ಗೋಮಾಳ, ಕಾವಲು, ನಮ್ಮ ಶಿರಸಿ ಕಡೆಯ ಸೊಪ್ಪಿನ ಬೆಟ್ಟದಂಥದ್ದು. ಇನಾಂ ಅಂತ ಬರೆದರೆ ಕಳೆದುಕೊಂಡವನೇ ಜಮೀನ್ದಾರನಾಗಿಬಿಡುತ್ತಾನೆ. 'ಊರುಂಬಳಿ' ಅಂತ ಮಾಡಿ, ಮೊದಲ ಸಲ ಪಕ್ಕದಲ್ಲಿ 'ಮೆರ್ಸೆಡ್' ಹಾಕಿ.

'ಮಧ್ಯಂತರ'ವೂ ಕೆಟ್ಟದ್ದೇ. ಮಧ್ಯಂತರ ಆದೇಶ ಅಂದರೆ ಅಂತಿಮ ತೀರ್ಪಿನವರೆಗಿನದು. ಅಲ್ಲಿ ಇಂಟರಿಮ್ ಅಂದರೆ ಎರಡು ಅಧಿವೇಶನಗಳ ನಡುವೆ ಸೇರುವುದು. ಅಧಿವೇಶನವೇ ಒಂದು ವರ್ಷ 60 ದಿನ, ಮರುವರ್ಷ 30 ದಿನ, ಉಳಿದ ಕಾಲದಲ್ಲಿ ಊರೂರು ತಿರುಗಿ ಅಹವಾಲು ಕೇಳುತ್ತಾರೆ. ಎರಡೂ ಸದನದವರು ಇರುವುದರಿಂದ 'ಜಂಟಿ ಸದನ ಸಮಿತಿ' ಸಾಕು.

*

'ಊರುಂಬಳಿ' ಒಪ್ಪಿದೆ. ಉಂಬಳಿ ಎಂದು ಮೊದಲೇ ನಾನು ಹೇಳಿದ್ದೆ ಎಂಬುದು ದಾಖಲಾಗಿರಲಿ. ಆದರೆ ಆ 'ಜಂಟಿ ಸದನ ಸಮಿತಿ'ಯಲ್ಲಿ ಕನ್ನಡ ಎಲ್ಲಿದೆ? 'ಕೂಡುಮನೆ ಕೂಟ' ಅನ್ನಿ.

*

ಕೂಡುಮನೆ ಅಂದರೆ ಅವಿಭಕ್ತ ಕುಟುಂಬ ಅಂದುಕೊಂಡಾರು. ಪಾಲು ಕೇಳಲು ಬಂದಾರು.

*

ಎಲ್ಲರಿಗೂ ಧನ್ಯವಾದ. 'ಊರುಂಬಳಿ: ಜಂಟಿ ಸದನ ಸಮಿತಿಯ ಮುಂದೆ ಹಳೇ ತಕರಾರು' ಎಂದು ಕಳಿಸಿದೆ. ಸಂಪಾದಕರು ಫೋನ್ ಮಾಡಿ ಕೇಳಿದರು: "ಊರುಂಬಳಿ ಅಂದ್ರೆ ಊರಿನ ಅಂಬಲೀನಾ?"