ಸಹಾಯ ಬೇಕು: ಅಮ್ಮನ ಜೊತೆ ಮಾತಾಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರದ ಹತ್ತಿರದವರು. ಅಮ್ಮನಿಗೆ ಸ್ತನ ಕ್ಯಾನ್ಸರ್. ಮುಂದಿನ ವಾರ ಬೆಂಗಳೂರಲ್ಲಿ ಎಡಗಡೆ ಆಪರೇಷನ್, ಕಂಕುಳಿನ ಗಂಟುಗಳನ್ನೂ ತೆಗೆಯುತ್ತಾರಂತೆ. ಗಾಯದ ನೀರು ಹೊರಗೆ ಬರೋಕೆ ಹಾಕುವ ಡ್ರೈನ್ ಪೈಪ್ ಇಟ್ಟುಕೊಂಡೇ ಮನೆಗೆ ಬರಬೇಕಾಗಬಹುದು, ಅದರಲ್ಲಿ ದಿನಾ ಎಷ್ಟು ಎಂಎಲ್ ಬಂತು ಅಂತ ಬರೆದಿಡಿ ಅಂದಿದ್ದಾರೆ. ಆಪರೇಷನ್ ಆದ ಕಡೆಯ ಕೈಗೆ ಬಿಪಿ ನೋಡಿಸೋದು, ಇಂಜೆಕ್ಷನ್ ಕೊಡಿಸೋದು ಬೇಡವಂತೆ. ಇದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ.

ಆದರೆ ನಿನ್ನೆ ಅಮ್ಮ ಬೀರುವಿನಿಂದ ಬ್ಲೌಸ್‌ಗಳನ್ನೆಲ್ಲ ತೆಗೆದು, ಒಂದೊಂದೇ ಮಡಚುತ್ತಾ, "ಇನ್ನು ಇವು ಯಾಕೆ ಮಗಾ" ಅಂದರು. ನನಗೆ ಏನು ಹೇಳಬೇಕೋ ತೋಚಲೇ ಇಲ್ಲ. ನಾನು ಎಷ್ಟು ಧೈರ್ಯ ಹೇಳಿದರೂ ಅನುಭವಿಸಿದವರ ಮಾತೇ ಬೇರೆ ಅಲ್ವಾ?

ಹಾಸನ, ಚಿಕ್ಕಮಗಳೂರು ಕಡೆ ಈ ಆಪರೇಷನ್ ಆಗಿ ಹುಷಾರಾದ ಅಕ್ಕಂದಿರು ಇದ್ದರೆ ದಯವಿಟ್ಟು ಒಂದು ಸಲ ಅಮ್ಮನ ಜೊತೆ ಫೋನಲ್ಲಿ ಮಾತಾಡಿ. ಕೈ ಮೇಲೆತ್ತೋಕೆ ಎಷ್ಟು ದಿನ ಬೇಕಾಯ್ತು, ಮುಂದೆ ಗುಂಡಿ ಇರುವ ನೈಟಿ ಎಷ್ಟು ಬೇಕು, ಮೊದಲ ಸಲ ಕನ್ನಡಿ ನೋಡಿದಾಗ ಹೇಗಿತ್ತು, ಇಷ್ಟು ಹೇಳಿದರೂ ಸಾಕು. ಮೆಸೇಜ್ ಮಾಡಿ, ನಂಬರ್ ಕಳಿಸುತ್ತೇನೆ. ಸಂಜೆ ಆರರ ಮೇಲೆ ಅಮ್ಮ ಬಿಡುವಾಗಿರುತ್ತಾರೆ.