ಅಪ್‌ಡೇಟ್: ಪ್ರಿಪೇಯ್ಡ್ ಕರೆಂಟ್‌ಗೆ ಬದಲಾಯಿಸಿದ್ದಾಯಿತು

ತಿಂಗಳ ಬಿಲ್ ಬಿಟ್ಟು ಪ್ರಿಪೇಯ್ಡ್ ಮೀಟರ್‌ಗೆ ಹೋದರೆ ಹಳೇ ಬಾಕಿ, ಡೆಪಾಸಿಟ್ ಏನಾಗುತ್ತೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹಳೇ ಮೀಟರ್ ಬಿಚ್ಚುವ ಮುಂಚೆ ಕೊನೆಯ ರೀಡಿಂಗ್ ಫೋಟೊ ತೆಗೆದಿಟ್ಟುಕೊಳ್ಳಿ ಅಂತ ಒಬ್ಬರು ಹೇಳಿದ್ದರಲ್ಲ, ಅದೇ ಕೈಹಿಡಿಯಿತು. ಕೊನೆಯ ಬಿಲ್‌ನಲ್ಲಿ ಜಾಸ್ತಿ ಯೂನಿಟ್ ಬರೆದಿದ್ದರು. ಫೋಟೊ ತೋರಿಸಿದ ಮೇಲೆ ಸರಿ ಮಾಡಿದರು. ಡೆಪಾಸಿಟ್‌ನಲ್ಲಿ ಬಾಕಿ ಮುರಿದುಕೊಂಡು ಉಳಿದದ್ದನ್ನು ಹೊಸ ಖಾತೆಗೆ ಹಾಕಿದ್ದಾರೆ.

ನಮ್ಮದು ಕೀಪ್ಯಾಡ್ ಇರುವ ಮೀಟರ್. ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತೆ. ಅದನ್ನು ಒತ್ತಿದರೆ ಯೂನಿಟ್ ಏರುತ್ತೆ. ಒಂದು ಟೋಕನ್ ಒಂದೇ ಮೀಟರ್‌ಗೆ, ಅದೂ ಒಂದೇ ಸಲ. ದುಡ್ಡು ಕಟ್ಟುವಾಗ ಮೀಟರ್ ನಂಬರ್ ತಪ್ಪಾದರೆ ಇನ್ಯಾರದೋ ಮನೆಗೆ ದಾನ ಮಾಡಿದ ಹಾಗೆ!

ತಿಂಗಳ ಮೊದಲ ರೀಚಾರ್ಜ್‌ನಲ್ಲಿ ಯೂನಿಟ್ ಕಡಿಮೆ ಬರುತ್ತೆ. ಫಿಕ್ಸೆಡ್ ಚಾರ್ಜ್ ಅಲ್ಲೇ ಹಿಡಿದುಕೊಳ್ಳುತ್ತಾರೆ. ಪ್ರಿಪೇಯ್ಡ್ ಆದರೆ ಬಳಸಿದಷ್ಟಕ್ಕೇ ದುಡ್ಡು ಅನ್ನೋದು ಪೂರ್ತಿ ನಿಜವಲ್ಲ.

ಆದರೆ ಖರ್ಚು ಕಣ್ಣೆದುರೇ ಕಾಣುತ್ತೆ, ನನಗೆ ಇಷ್ಟವಾಗಿದ್ದು ಅದು. ಗೀಸರ್ ಹಾಕಿದ ತಕ್ಷಣ ಮೀಟರಿನ ಕೆಂಪು ದೀಪ ಪಟಪಟ ಮಿನುಗುತ್ತೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ 1 ಯೂನಿಟ್ ಹೋಯಿತು. ಈಗ ಮನೆಯಲ್ಲಿ ಯಾರೂ ಸುಮ್ನೆ ಆನ್ ಮಾಡಿಟ್ಟು ಮರೆಯಲ್ಲ.

ರಾತ್ರಿ ಬ್ಯಾಲೆನ್ಸ್ ಮುಗಿದು ಕರೆಂಟ್ ಹೋದರೆ ಅಂತ ನನಗೆ ಮೊದಲು ಭಯ ಇತ್ತು. ಯೂನಿಟ್ ಕಡಿಮೆಯಾದಾಗ ಮೀಟರ್ ಬೀಪ್ ಮಾಡುತ್ತೆ. ಆದರೂ ಮಲಗುವ ಮುಂಚೆ ಒಮ್ಮೆ ನೋಡಿಬಿಡುತ್ತೇನೆ, ಫ್ರಿಜ್ ತುಂಬಾ ಸಾಮಾನಿರುತ್ತೆ.